ಸಹಿ ಹಾಕಬೇಡಿ, ಆದರೆ ಊರಿಗೆ ಹೋಗಿ

ಪ್ರಶ್ನೆ: ನಾನು ಮೈಸೂರಿನಲ್ಲಿ ಶಿಕ್ಷಕಿ. ತವರು ಮಂಡ್ಯದ ಹತ್ತಿರದ ಹಳ್ಳಿ. ತಮ್ಮನಿಗೆ 29 ವರ್ಷ. ಬೆಂಗಳೂರಿನ ಕೆಲಸ ಬಿಟ್ಟು ಬಂದವನು ಅಪ್ಪ ತೀರಿಕೊಂಡ ಮೇಲೆ ಗದ್ದೆ ನೋಡಿಕೊಳ್ಳುತ್ತಿದ್ದಾನೆ. ಮೂರು ವರ್ಷದಿಂದ ಮೊಬೈಲಿನಲ್ಲಿ ರಮ್ಮಿ, ಐಪಿಎಲ್ ಬಂದರೆ ಬೆಟ್ಟಿಂಗ್. ಮೊದಲ ಸಲ 38 ಸಾವಿರ ಗೆದ್ದಿದ್ದ. ಈಗ ಆರೂವರೆ ಲಕ್ಷ ಸಾಲ. ಹಿಂದೆ ಎರಡು ಸಲ ನಾನೇ ತೀರಿಸಿದ್ದೇನೆ. ಈಗ ಇಪ್ಪತ್ತು ಗುಂಟೆ ಮಾರಲು ನನ್ನ ಸಹಿ ಬೇಕಂತೆ. 'ಸೈನ್ ಹಾಕ್ಬುಡು ಮಗ, ಇದೇ ಕೊನೆ' ಅಂತ ಅವ್ವ ಅಳುತ್ತಾಳೆ. ಅಪ್ಪನೂ ಇಸ್ಪೀಟು ಆಡುತ್ತಿದ್ದರು. ಇದು ರಕ್ತದಲ್ಲೇ ಬಂದದ್ದಾ? ಇಲ್ಲಾ ದುರಾಸೆಯಾ? ಸಹಿ ಹಾಕದಿದ್ದರೆ ಸತ್ತೋಗ್ತೀನಿ ಅಂದಿದ್ದಾನೆ.
– ಸಹಿಗೆ ಹೆದರಿದ ಅಕ್ಕ, ಮೈಸೂರು

ಉತ್ತರ: ನಿಮ್ಮ ಕೊನೆಯ ವಾಕ್ಯದಿಂದಲೇ ಶುರು ಮಾಡುತ್ತೇನಮ್ಮ. 'ಹೆದರಿಸೋಕೆ ಅಂತಾನೆ ಬಿಡು' ಎಂದು ಯಾರು ಹೇಳಿದರೂ ಕೇಳಬೇಡಿ. ಜೂಜಿನ ಸಾಲದಲ್ಲಿ ಸಿಕ್ಕಿಕೊಂಡವರಲ್ಲಿ ಆತ್ಮಹತ್ಯೆಯ ಅಪಾಯ ನಿಜವಾಗಿಯೂ ಹೆಚ್ಚು. ಅವನ ಪಕ್ಕ ಕೂತು, 'ಸಾಯಬೇಕು ಅನ್ನಿಸುತ್ತಾ? ಹೇಗೆ ಅಂತ ಯೋಚನೆ ಮಾಡಿದ್ದೀಯಾ?' ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಇಲ್ಲದ ಯೋಚನೆ ತಲೆಗೆ ಹೊಕ್ಕುವುದಿಲ್ಲ. ಗದ್ದೆಗೆ ಹೊಡೆಯುವ ಔಷಧಿ ಡಬ್ಬಗಳು ಕೊಟ್ಟಿಗೆಯಲ್ಲಿದ್ದರೆ ಇವತ್ತೇ ಮನೆಯಿಂದ ಆಚೆ ಹೋಗಲಿ. ಸಾಯಬೇಕು ಅನ್ನಿಸುತ್ತೆ ಎಂದು ಅವನು ಒಪ್ಪಿದರೆ ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವನು ಫೋನ್ ಮಾಡದಿದ್ದರೆ ನೀವೇ ಮಾಡಿ.

ಇನ್ನು ದುರಾಸೆಯ ಮಾತು. ಬರೀ ದುರಾಸೆಯಾಗಿದ್ದರೆ 38 ಸಾವಿರ ಗೆದ್ದ ದಿನ ಎದ್ದು ಬರುತ್ತಿದ್ದ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳು ಮೆದುಳಿನಲ್ಲಿ 'ಇನ್ನೂ ಬೇಕು' ಅನ್ನಿಸುವ ಡೋಪಮಿನ್ ವ್ಯವಸ್ಥೆಯನ್ನು ಕೆಣಕುತ್ತವೆ. ಅವನ್ನು ನುಂಗಿದ ಮೇಲೆ, ಜೀವಮಾನದಲ್ಲಿ ಇಸ್ಪೀಟು ಎಲೆ ಮುಟ್ಟದ ಹಿರಿಯರೂ ಜೂಜಿಗೆ ಬಿದ್ದದ್ದುಂಟು; ಮಾತ್ರೆ ಬದಲಿಸಿದಾಗ ಚಟ ಇಳಿದದ್ದೂ ಉಂಟು. ಅವರ ಗುಣ ರಾತ್ರೋರಾತ್ರಿ ಕೆಟ್ಟಿತು ಅನ್ನಲಾದೀತೆ? ಅಮೆರಿಕದ ಮನೋವೈದ್ಯರ ಸಂಘವೂ 2013ರಲ್ಲಿ ಜೂಜಿನ ಚಟವನ್ನು ಹೆಂಡ, ಗಾಂಜಾ ಚಟಗಳ ಸಾಲಿಗೇ ಸೇರಿಸಿತು.

ರಕ್ತದ ವಿಷಯದಲ್ಲಿ ನೀವು ಪೂರ್ತಿ ತಪ್ಪಿಲ್ಲ. ಅವಳಿಗಳ ಮೇಲಿನ ಅಧ್ಯಯನಗಳು ಆನುವಂಶಿಕತೆಯ ಪಾಲು ಸುಮಾರು ಅರ್ಧ ಎನ್ನುತ್ತವೆ. ಆದರೆ ಅದೇ ರಕ್ತ ನಿಮ್ಮಲ್ಲೂ ಇದೆ, ನೀವು ಆಡುತ್ತಿಲ್ಲವಲ್ಲ. ನಿಮ್ಮ ಉದ್ದ ಪತ್ರದಲ್ಲಿ ಇನ್ನೊಂದು ಸಾಲಿತ್ತು: ಯುಗಾದಿಯಲ್ಲಿ ಅರಳಿಕಟ್ಟೆ ಮೇಲೆ ಅಪ್ಪ ಆಡುವಾಗ ತಮ್ಮ ಬೆನ್ನ ಹಿಂದೆ ಕೂತು ಗೆದ್ದ ನೋಟು ಎಣಿಸುತ್ತಿದ್ದ, ನೀವು ಅಡುಗೆಮನೆಯಲ್ಲಿ ಅವ್ವನ ಜೊತೆ ಒಬ್ಬಟ್ಟು ತಟ್ಟುತ್ತಿದ್ದಿರಿ. ಆ ಹುಡುಗನ ಪಾಲಿಗೆ ಜೂಜು ಎಂದರೆ ಹಬ್ಬ, ಅಪ್ಪನ ಖುಷಿಯ ಮುಖ. ಎಳೆಯದರಲ್ಲೇ ಜೂಜು ಕಂಡು ಬೆಳೆಯುವುದು ದೊಡ್ಡ ಅಪಾಯಗಳಲ್ಲೊಂದು. (ನಮ್ಮ ಕಡೆ 'ಹಬ್ಬದ ದಿನ ಅಲ್ವಾ, ಆಡ್ಲಿ ಬುಡಿ' ಅನ್ನುವ ದೊಡ್ಡವರ ಮೇಲೆ ನನಗೆ ಹಳೆಯ ಸಿಟ್ಟಿದೆ.) ಅದರ ಮೇಲೆ ಅವನ ದುಡುಕು ಸ್ವಭಾವ, ಕೆಲಸ ಬಿಟ್ಟದ್ದು, ಅಪ್ಪ ಹೋದದ್ದು, ಓರಗೆಯವರೆಲ್ಲ ಬೆಂಗಳೂರಿನಲ್ಲಿರುವಾಗ ಊರಲ್ಲಿ ಒಬ್ಬನೇ ಉಳಿದದ್ದು. ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದವನಿಗೆ ರಮ್ಮಿ ಟೇಬಲ್ಲಿನಲ್ಲಿ ಐದು ಜನ ಸಿಗುತ್ತಾರೆ. ಆಡುವಷ್ಟು ಹೊತ್ತು ಬೇರೇನೂ ನೆನಪಾಗುವುದಿಲ್ಲ. ಅವನಿಗೆ ದುಡ್ಡಿಗಿಂತ ಆ ಮರೆವು ಬೇಕಾಗಿದೆಯೇನೋ ಎಂದು ನನ್ನ ಅನುಮಾನ. ಖಿನ್ನತೆ ಇದೆಯೇ ಎಂದು ವೈದ್ಯರು ನೋಡಲೇಬೇಕು.

ಮೊದಲೇ ಗೆದ್ದದ್ದು ಅವನ ದುರದೃಷ್ಟ. 'ನನಗೆ ಆಟ ಗೊತ್ತು' ಎಂಬ ನಂಬಿಕೆ ಅಲ್ಲೇ ಕೂತುಬಿಟ್ಟಿತು. ಪ್ರತಿ ಸಲ ಸಿಗುವುದಕ್ಕಿಂತ, ಯಾವಾಗ ಸಿಗುತ್ತದೋ ಗೊತ್ತಿಲ್ಲದಂತೆ ಆಗೊಮ್ಮೆ ಈಗೊಮ್ಮೆ ಸಿಗುವುದು ಮನಸ್ಸನ್ನು ಹೆಚ್ಚು ಕಟ್ಟಿಹಾಕುತ್ತದೆ. ಒಂದೇ ಎಲೆಯಲ್ಲಿ ತಪ್ಪಿತು, ಒಂದೇ ಬಾಲಿನಲ್ಲಿ ಹೋಯಿತು ಎಂಬ ಸೋಲನ್ನು ಮೆದುಳು ಸೋಲೆಂದು ಒಪ್ಪದೆ ಹೆಚ್ಚುಕಡಿಮೆ ಗೆಲುವೆಂದೇ ಬರೆದುಕೊಳ್ಳುತ್ತದೆ. ಆಮೇಲೆ ಶುರುವಾಗುವುದು ಹೋದದ್ದನ್ನು ವಾಪಸ್ ತರುವ ಓಟ. 2025ರ ಆಗಸ್ಟಿನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತು, ಒಳ್ಳೆಯದೇ ಆಯಿತು. ಆದರೆ ಬುಕ್ಕಿಯ ನಂಬರ್ ಇದ್ದವನಿಗೆ ಆ ಓಟ ನಿಲ್ಲಿಸಲು ಕಾನೂನೊಂದೇ ಸಾಲದು.

ಅದಕ್ಕೇ ಸಹಿ ಬೇಡ ಎನ್ನುತ್ತಿದ್ದೇನೆ. ನೀವು ಎರಡು ಸಲ ಸಾಲ ತೀರಿಸಿದಿರಿ, ಮೂರನೆಯದು ಎದ್ದಿತು. ಸಾಲ ತೀರಿದ ದಿನ ಅವನ ಮನಸ್ಸಿನಲ್ಲಿ ಹೊಸ ಖಾತೆ ತೆರೆಯುತ್ತದೆ. ಆದರೆ ಬರೀ 'ಆಗಲ್ಲ' ಅಂದು ಫೋನ್ ಇಟ್ಟುಬಿಡಬೇಡಿ. 'ಗದ್ದೆ ವಿಷಯ ಆಮೇಲೆ, ಮೊದಲು ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ' ಅನ್ನಿ. ಮಂಡ್ಯದಲ್ಲಿ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ), ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಎರಡರಲ್ಲೂ ಮನೋವೈದ್ಯ ವಿಭಾಗವಿದೆ. ಆಸೆ ಎದ್ದಾಗ ಏನು ಮಾಡಬೇಕು, 'ಇನ್ನೊಂದು ಆಟ ಆಡಿದ್ರೆ ಬರುತ್ತೆ' ಎಂಬ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ಕೂರಿಸಿಕೊಂಡು ಕಲಿಸುವ ಆಪ್ತಸಮಾಲೋಚನೆ ಈ ಚಟಕ್ಕೆ ಒಳ್ಳೆಯ ಮದ್ದು. ಒಂದೆರಡು ಸಲಕ್ಕೆ ಮುಗಿಯುವುದಿಲ್ಲ, ಮಧ್ಯೆ ಒಮ್ಮೆ ಜಾರಲೂಬಹುದು.

ಕಬ್ಬಿನ ದುಡ್ಡು, ಡೇರಿ ಬಟವಾಡೆ ಸದ್ಯಕ್ಕೆ ಅವ್ವನ ಖಾತೆಗೆ ಬೀಳಲಿ, ಆ ಖಾತೆ ಅವನ ಮೊಬೈಲಿನಲ್ಲಿ ಇರಕೂಡದು. ಯಾರಿಗೆಷ್ಟು, ಯಾವ ಬಡ್ಡಿಗೆ ಎಂದು ಅವನ ಕೈಯಲ್ಲೇ ಬರೆಸಿ. ಹೇಳದೆ ಬಚ್ಚಿಟ್ಟ ಸಾಲ ಇನ್ನೊಂದಾದರೂ ಇರುತ್ತದೆ, ಹೊರಬಿದ್ದಾಗ ಕೂಗಾಡಬೇಡಿ.

ಭಾನುವಾರ ಊರಿಗೆ ಹೋಗುವಾಗ ನಿಮ್ಮ ಯಜಮಾನರನ್ನು ಕರೆದುಕೊಂಡು ಹೋಗಬೇಡಿ. ಭಾವನ ಮುಂದೆ ಅವನು ತಲೆ ತಗ್ಗಿಸಿ ಎಲ್ಲಕ್ಕೂ ಹೂಂ ಅನ್ನುತ್ತಾನೆ, ಒಂದನ್ನೂ ಹೇಳುವುದಿಲ್ಲ. ಒಬ್ಬರೇ ಹೋಗಿ, ಅವನನ್ನು ಗದ್ದೆ ಕಡೆ ಕರೆದುಕೊಂಡು ಹೊರಡಿ. ಸಹಿ ಕೇಳುತ್ತಿರುವ ಗದ್ದೆಯ ಕಾಗದಗಳು ಮೈಸೂರಿನಲ್ಲೇ ಇರಲಿ.