ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಕಾಯಬೇಡಿ

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಬೌದ್ಧಿಕ ಅಂಗವೈಕಲ್ಯ ಅಂತ ಡಾಕ್ಟರು ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಊರಿನ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ಅಲ್ಪಸ್ವಲ್ಪ ಓದುತ್ತಾನೆ, ಲೆಕ್ಕ ಬರುವುದಿಲ್ಲ. ಮನೆಯಲ್ಲಿ ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಾನೆ. "ಎಸ್ಸೆಸ್ಸೆಲ್ಸಿ ಆಗಲಿ, ಆಮೇಲೆ ನೋಡೋಣ" ಅಂತಾರೆ ಅವರಪ್ಪ. ಆಮೇಲೆ ಏನು ಅನ್ನೋದೇ ನನ್ನ ಚಿಂತೆ.
– ಒಬ್ಬ ತಾಯಿ, ದಾವಣಗೆರೆ ಜಿಲ್ಲೆ

ಉತ್ತರ: ನಿಮ್ಮ ಚಿಂತೆ ಸರಿಯಾಗಿಯೇ ಇದೆ. ದಯವಿಟ್ಟು "ಆಮೇಲೆ ನೋಡೋಣ" ಅನ್ನೋದಕ್ಕೆ ಒಪ್ಪಬೇಡಿ. ಈಗ ನಿಮ್ಮ ಮಗ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಬೆಲ್ಲಿನ ಹೊತ್ತಿಗೆ ಶಾಲೆಯಲ್ಲಿರುತ್ತಾನೆ, ನಾಲ್ಕು ಜನರ ಜೊತೆ ಬೆರೆಯುತ್ತಾನೆ. ಶಾಲೆ ನಿಂತ ದಿನ ಇದೆಲ್ಲ ನಿಲ್ಲುತ್ತದೆ. ತಡವಾಗಿ ಏಳೋದು, ಟಿವಿ, ಮೊಬೈಲು ಶುರುವಾಗುತ್ತವೆ. ಇಂಥ ಮನೆಗಳನ್ನು ನಾನು ತುಂಬಾ ನೋಡಿದ್ದೇನೆ. ಹೊಸ ಕೆಲಸ ಕಲಿಸೋದಕ್ಕಿಂತ, ಬಿಟ್ಟುಹೋದ ದಿನಚರಿಯನ್ನು ಮತ್ತೆ ಹಿಡಿಸೋದಕ್ಕೇ ಜಾಸ್ತಿ ಸಮಯ ಬೇಕಾಗುತ್ತದೆ.

ಮೊದಲು ಒಂದು ನೋಟ್‌ಬುಕ್ ಇಡಿ. ಯಾವ ಕೆಲಸವನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳದೆ ಮುಗಿಸುತ್ತಾನೆ, ಎಲ್ಲಿ ನಿಂತುಬಿಡುತ್ತಾನೆ, ಯಾರು ಹೇಳಿದರೆ ಕೇಳುತ್ತಾನೆ, ಸದ್ದು ಗದ್ದಲ ತಡೆದುಕೊಳ್ಳುತ್ತಾನಾ, ಇವನ್ನೆಲ್ಲ ಬರೆಯಿರಿ. "ಅಚ್ಚುಕಟ್ಟಾಗಿ ಮಾಡುತ್ತಾನೆ" ಅಂದಿದ್ದೀರಿ. ಏನನ್ನು? ಬಟ್ಟೆ ಮಡಚೋದಾ, ಗಿಡಕ್ಕೆ ನೀರು ಹಾಕೋದಾ, ಪಾತ್ರೆ ಜೋಡಿಸೋದಾ? ಒಂದೊಂದೂ ಬೇರೆ ಬೇರೆ ಕೆಲಸಕ್ಕೆ ದಾರಿ.

ರಜೆ ಬಂದಾಗ ಪರಿಚಯದವರ ಅಂಗಡಿಯಲ್ಲೋ ನರ್ಸರಿಯಲ್ಲೋ ದಿನಕ್ಕೆ ಎರಡು ಗಂಟೆ ಕೆಲಸ ಮಾಡಲಿ. ಸುಮ್ನೆ ಕೂರಿಸಿಕೊಳ್ಳುವ ಜಾಗ ಬೇಡ, ನಿಜವಾದ ಕೆಲಸವೇ ಇರಲಿ. ನಮ್ಮ ಬಳಿ ತರಬೇತಿಗೆ ಬಂದಿದ್ದ ಒಬ್ಬ ಹುಡುಗನನ್ನು ಬೇಕರಿಗೆ ಸೇರಿಸುವಾಗ ಮಾಲೀಕರು, "ಅಂಕಿ ಬಿಟ್ಟರೆ ಲೆಕ್ಕ ಬರಲ್ಲ ಅಂತೀರಿ, ತೂಕ ಹೇಗೆ ಹಾಕ್ತಾನೆ?" ಅಂದರು. ಕಾಲು ಕೆಜಿ ಮಿಕ್ಸ್ಚರ್ ಪ್ಯಾಕೆಟ್ ಮಾಡುವ ಕೆಲಸ ಅದು. ನಮ್ಮ ಟ್ರೈನರ್ ಒಂದು ರಟ್ಟಿನ ಮೇಲೆ ದಪ್ಪಗೆ 25 ಅಂತ ಬರೆದು ಎಲೆಕ್ಟ್ರಾನಿಕ್ ತಕ್ಕಡಿಯ ಪಕ್ಕ ಅಂಟಿಸಿದರು. ತಕ್ಕಡಿಯಲ್ಲಿ ಮೂರು ಅಂಕಿ ಬರುತ್ತವೆ. ಮೊದಲ ಎರಡು ಅಂಕಿ ರಟ್ಟಿನ ಮೇಲಿರೋ ಹಾಗೇ ಇದ್ದರೆ ಸೀಲ್ ಮಾಡು, ಇಲ್ಲದಿದ್ದರೆ ಸ್ವಲ್ಪ ಹಾಕು, ಇಲ್ಲ ತೆಗಿ. 250 ಆದರೂ ಸರಿ, 257 ಆದರೂ ಸರಿ. ಕೂಡೋದು ಕಳೆಯೋದು ಬೇಕಾಗಲೇ ಇಲ್ಲ. ಮೊದಮೊದಲು ಟ್ರೈನರ್ ಪಕ್ಕದಲ್ಲೇ ನಿಂತರು, ಆಮೇಲೆ ಬಾಗಿಲ ಹತ್ತಿರ, ಆಮೇಲೆ ಹೊರಗೆ. ನಿಧಾನವಾಗಿ ದೂರ ಸರಿಯೋದು ತುಂಬಾ ಮುಖ್ಯ. ನಿಮ್ಮ ಮಗನಿಗೂ ಹೀಗೆ ಮಾಡಬಹುದು. ಒಲೆ, ಮೆಷಿನ್ನಿನ ಹತ್ತಿರ ಮಾತ್ರ ಈಗ ಬೇಡ.

ಅಮೆರಿಕದಲ್ಲಿ ಇಂಥ ಮಕ್ಕಳಿಗೆ 16 ತುಂಬುವಷ್ಟರಲ್ಲಿ, ಶಾಲೆಯ ನಂತರ ಏನು ಅನ್ನೋ ಯೋಜನೆ ಬರವಣಿಗೆಯಲ್ಲಿ ಇರಲೇಬೇಕು ಅಂತ ಕಾನೂನಿದೆ. ಅಲ್ಲಿನ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ 1996ರಲ್ಲಿ ಶುರುವಾದ 'ಪ್ರಾಜೆಕ್ಟ್ ಸರ್ಚ್' ಅನ್ನೋ ಕಾರ್ಯಕ್ರಮದಲ್ಲಿ, ಶಾಲೆಯ ಕೊನೆಯ ವರ್ಷವನ್ನು ಕೆಲಸದ ಜಾಗದಲ್ಲೇ ಕಳೆದು ಕಲಿಯುತ್ತಾರೆ. ನಮ್ಮ ಹೈಸ್ಕೂಲುಗಳಲ್ಲಿ ಇದು ಇಲ್ಲ ಅನ್ನೋದು ನನಗೆ ಬಹಳ ನೋವಿನ ವಿಷಯ. ಅದಕ್ಕೇ ಸದ್ಯಕ್ಕೆ ಈ ಭಾರ ನಿಮ್ಮಂಥ ತಾಯಂದಿರ ಮೇಲೆ ಬಿದ್ದಿದೆ. ಆದರೆ ನಮ್ಮಲ್ಲಿ ಆಗಲ್ಲ ಅಂತ ಯಾರಾದರೂ ಅಂದರೆ ಹುಬ್ಬಳ್ಳಿ ತೋರಿಸಿ. ಅಂಗವೈಕಲ್ಯ ಇರುವವರೇ ನಡೆಸುವ ಮಿಟ್ಟಿ ಕೆಫೆ 2017ರಲ್ಲಿ ಶುರುವಾಗಿದ್ದು ಅಲ್ಲೇ. 2023ರಲ್ಲಿ ಸುಪ್ರೀಂ ಕೋರ್ಟ್ ಆವರಣದಲ್ಲೂ ಅವರ ಕೆಫೆ ತೆರೆಯಿತು.

ಕಾಗದಪತ್ರದ ಮಾತು. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್, ಇನ್ನೂ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯು, ಅರ್ಜಿ ಹಾಕಲು ನೆರವಾಗುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಇರುವವರಿಗೂ ಸರ್ಕಾರಿ ಕೆಲಸದಲ್ಲಿ ಪಾಲು ಸಿಕ್ಕಿದೆ. ಅರ್ಜಿ ಹಾಕಿ, ಆದರೆ ಅದೊಂದನ್ನೇ ನಂಬಿ ಮಗನನ್ನು ಮನೆಯಲ್ಲಿ ಕೂರಿಸಬೇಡಿ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತೇ ಇರಲ್ಲ. 18 ತುಂಬಿದ ಮೇಲೆ ಕಾನೂನಿನ ಪ್ರಕಾರ ಅಪ್ಪ ಅಮ್ಮ ತಾವಾಗಿಯೇ ಪಾಲಕರಾಗಿ ಮುಂದುವರಿಯೋದಿಲ್ಲ. ಪಾಲಕತ್ವ ಬೇಕೇ ಬೇಕು ಅನ್ನಿಸಿದರೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಕೊಡಬೇಕು. ಅದೇ ಕಾಯ್ದೆಯಡಿ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಯೂ ಇದೆ. ಕೆಲಸಕ್ಕೆ ಸೇರಿದ ದಿನದಿಂದ ಸಂಬಳ ಅವನ ಹೆಸರಿನ ಖಾತೆಗೇ ಬರಲಿ. "ಪಾಪ, ಇಟ್ಟುಕೊಂಡಿದ್ದೇವಲ್ಲ" ಅಂತ ಕೈಗೆ ಐವತ್ತು ನೂರು ಕೊಡುವವರಿದ್ದಾರೆ. ಅದನ್ನು ಒಪ್ಪಬೇಡಿ. ಅವನು ದುಡಿದಿದ್ದಾನೆ ಅಲ್ವಾ?

ಪ್ರಶ್ನೆ: ನನಗೆ ಪೂರ್ತಿ ಕಣ್ಣು ಕಾಣುವುದಿಲ್ಲ. ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಬ್ಯಾಂಕ್ ಕೆಲಸಕ್ಕೆ ಸೇರುವ ಆಸೆ. ಮನೆಯಲ್ಲಿ ಬಿ.ಎ., ಬಿ.ಇಡಿ. ಮಾಡು, ಟೀಚರ್ ಆಗೋದೇ ಸುಲಭ ಅಂತಾರೆ.
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಬ್ಯಾಂಕೇ ನಿಮ್ಮ ಆಸೆಯಾದರೆ ಬ್ಯಾಂಕಿಗೇ ಹೊರಡಿ. ಅದಕ್ಕೆ ಬೇಕಾದದ್ದು ಯಾವುದಾದರೂ ಒಂದು ಡಿಗ್ರಿ, ಜೊತೆಗೆ ಕಂಪ್ಯೂಟರಿನ ಮೇಲೆ ಒಳ್ಳೆ ಹಿಡಿತ. ಡಿಗ್ರಿ ಮುಗಿದ ಮೇಲೆ ಕಂಪ್ಯೂಟರ್ ಕಲಿಯುತ್ತೇನೆ ಅನ್ನಬೇಡಿ. ಪರದೆ ಮೇಲಿರೋದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರಿಗೆ ಸ್ಕ್ರೀನ್ ರೀಡರ್ ಅಂತಾರೆ. ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ ಪೂರ್ತಿ ಉಚಿತ. ಕನ್ನಡವನ್ನೂ ಓದಿ ಹೇಳುತ್ತದೆ. ಮೌಸ್ ಮುಟ್ಟದೆ ಕೀಬೋರ್ಡಿನಲ್ಲೇ ಎಕ್ಸೆಲ್ ನಡೆಸೋದನ್ನು ರೂಢಿಸಿಕೊಳ್ಳಿ. ಕನ್ನಡ ಟೈಪಿಂಗ್ ಯೂನಿಕೋಡ್‌ನಲ್ಲೇ ಇರಲಿ. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ನೋಟ್ಸ್ ಯಾರಾದರೂ ಕೊಟ್ಟರೆ ಸ್ಕ್ರೀನ್ ರೀಡರ್ ಅರ್ಥವಿಲ್ಲದ್ದೇನೋ ಓದುತ್ತದೆ. ಯೂನಿಕೋಡ್‌ಗೆ ಬದಲಿಸಿ ಕೊಡಿ ಅಂತ ಲೆಕ್ಚರರನ್ನು ಕೇಳಿ, ಸಂಕೋಚ ಬೇಡ. ಬೆಂಗಳೂರಿನ ಎನೇಬಲ್ ಇಂಡಿಯಾ, ಸಮರ್ಥನಂ ಟ್ರಸ್ಟ್‌ಗಳಲ್ಲಿ ಅಂಧರಿಗೆ ತರಬೇತಿ ಕೊಡುವ ಅನುಭವಿಗಳಿದ್ದಾರೆ.

ಸರ್ಕಾರಿ ಬ್ಯಾಂಕುಗಳಲ್ಲಿ ಅಂಗವಿಕಲರಿಗಿರುವ 4% ಮೀಸಲಾತಿಯಲ್ಲಿ 1% ಅಂಧರು ಮತ್ತು ಮಂದದೃಷ್ಟಿಯವರದು. ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯ ನಿಮ್ಮ ಹಕ್ಕು. ನೀವು ಹೇಳಿದ ಉತ್ತರ ಬರೆಯುವ ಸಹಾಯಕರ, ಅಂದರೆ ಸ್ಕ್ರೈಬ್ ಜೊತೆ ಮೊದಲೇ ಕೂತು ಹಳೇ ಪ್ರಶ್ನೆಪತ್ರಿಕೆ ಬಿಡಿಸಿ. ಲೆಕ್ಕದ ಪ್ರಶ್ನೆಯನ್ನು ಅವರು ಹೇಗೆ ಓದಿ ಹೇಳಬೇಕು ಅನ್ನೋದು ಇಬ್ಬರಿಗೂ ಅಭ್ಯಾಸವಾಗಬೇಕು.

ಬಿಳಿ ಕೋಲು ಹಿಡಿದು ಒಬ್ಬರೇ ಓಡಾಡೋದನ್ನೂ ಈಗಲೇ ಕಲಿಯಿರಿ. ಮನೆಯವರಿಗೆ ಭಯ ಇರುತ್ತೆ, ಸಹಜ. ಆದರೆ ದಿನಾ ಆಫೀಸಿಗೆ ತಲುಪುವ ಧೈರ್ಯ ಇಲ್ಲದೆ ಸಿಕ್ಕ ಕೆಲಸ ಬಿಟ್ಟವರನ್ನು ಕಂಡಿದ್ದೇನೆ.

ಪ್ರಶ್ನೆ: ನಮ್ಮ ಶಾಲೆಯ ಹತ್ತನೇ ತರಗತಿಯ ಹುಡುಗನೊಬ್ಬನಿಗೆ ಕಿವಿ ಕೇಳಿಸುವುದಿಲ್ಲ. ಮುಂದೇನು ಅಂತ ಅವನ ಮನೆಯವರಿಗೆ ತೋಚುತ್ತಿಲ್ಲ. ಟೀಚರ್ ಆಗಿ ನಾನೇನು ಮಾಡಬಹುದು?
– ಸಹಶಿಕ್ಷಕಿ, ಹಾಸನ ಜಿಲ್ಲೆ

ಉತ್ತರ: ಅವನನ್ನೂ ಅಪ್ಪ ಅಮ್ಮನನ್ನೂ ಮೈಸೂರಿಗೆ ಕಳಿಸಿ. ವಿಕಲಚೇತನರಿಗಾಗಿಯೇ ಇರುವ ಜೆಎಸ್‌ಎಸ್ ಪಾಲಿಟೆಕ್ನಿಕ್ ಅಲ್ಲಿದೆ. ತನ್ನಂಥವರು ಡಿಪ್ಲೊಮಾ ಓದುತ್ತಿರುವುದನ್ನು ಹುಡುಗ ಕಣ್ಣಾರೆ ನೋಡಲಿ. ಶಾಲೆಯಲ್ಲಿ ನೀವು ಮಾಡಬಹುದಾದ ಕೆಲಸ ಅವನ ಬರವಣಿಗೆಯದು. ಕೆಲಸದ ಜಾಗದಲ್ಲಿ ಅವನಿಗೆ ವಾಟ್ಸಾಪೇ ಆಧಾರ. ರಜೆ, ಪಾಳಿ, ಮುಂಗಡ, ಓವರ್‌ಟೈಮ್ ಇಂಥ ಪದಗಳನ್ನು ಬಳಸಿ ದಿನಕ್ಕೆ ಎರಡು ಮೆಸೇಜ್ ಬರೆಸಿ. "ನಾಳೆ ಜ್ವರ ಇದೆ ರಜೆ ನಿನ್ನೆ" ಅಂತ ಬರೆದರೆ ನಗಬೇಡಿ, ಕ್ಲಾಸಿನಲ್ಲಿ ಬೇರೆಯವರೂ ನಗದ ಹಾಗೆ ನೋಡಿಕೊಳ್ಳಿ. ತಿದ್ದಿ, ಮತ್ತೆ ಬರೆಸಿ. ನಿಮ್ಮ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಇಂಥ ಮಕ್ಕಳಿಗಾಗಿಯೇ ಇರುವ ಬಿಐಇಆರ್‌ಟಿ ಶಿಕ್ಷಕರನ್ನೂ ಜೊತೆಗೆ ಸೇರಿಸಿಕೊಳ್ಳಿ. ಮೈಸೂರಿಗೆ ಹೋಗೋದು ಮಾತ್ರ ಪರೀಕ್ಷೆಗೆ ಮೊದಲೇ ಆಗಲಿ.