ಸೋಲಾರ್ ಇಷ್ಟಿದ್ದರೂ ಸಂಜೆಗೆ ಕಲ್ಲಿದ್ದಲೇ ಯಾಕೆ ಬೇಕು?

ನೀವು ಕೇಳಿದ್ದು ಇದು: ಕರ್ನಾಟಕದಲ್ಲಿ ಸೋಲಾರ್, ಗಾಳಿ ವಿದ್ಯುತ್ ಇಷ್ಟೊಂದಿದೆ. ಆದರೂ ಸಂಜೆಯಾದರೆ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ವಿದ್ಯುತ್ ಘಟಕಗಳೇ ಗತಿ. ಇನ್ನಷ್ಟು ಪ್ಯಾನಲ್ ಹಾಕಿದರೆ ನೆಟ್ ಜೀರೋ, ಅಂದರೆ ಗಾಳಿಗೆ ಸೇರುವ ಇಂಗಾಲದ ನಿವ್ವಳ ಲೆಕ್ಕ ಸೊನ್ನೆ, ಆಗಲ್ವಾ?

ಬರೀ ಪ್ಯಾನಲ್ ಹಾಕಿದರೆ ಆಗಲ್ಲ. ನಾನು ಹಳ್ಳಿ ಕಡೆಯ ಸಬ್‌ಸ್ಟೇಷನ್ ಕೆಲಸದಲ್ಲಿರುವವನು. ದಿನಾ ಕಣ್ಣಿಗೆ ಬೀಳುವುದು ಒಂದೇ. ಕರೆಂಟ್ ಹುಟ್ಟುವ ಹೊತ್ತಿಗೂ ನಾವು ಬಳಸುವ ಹೊತ್ತಿಗೂ ತಾಳೆಯಾಗುತ್ತಿಲ್ಲ. ಬೋರ್‌ವೆಲ್, ಕುಡಿಯುವ ನೀರು, ಬಸ್ಸು, ಕಾರ್ಖಾನೆ ಎಲ್ಲಕ್ಕೂ ಕರೆಂಟ್ ಬರುವುದು ಒಂದೇ ಜಾಲದಿಂದ. ಆದರೆ ಒಂದೊಂದರ ಯೋಜನೆ ಒಂದೊಂದು ಇಲಾಖೆಯಲ್ಲಿ, ಅವರವರ ಪಾಡಿಗೆ ನಡೆಯುತ್ತದೆ.

ಮೊದಲು ಕಲ್ಲಿದ್ದಲಿನ ಕಷ್ಟ ಕೇಳಿ. ರಾಯಚೂರು 1720, ಬಳ್ಳಾರಿ 1700, ಯರಮರಸ್ 1600 ಮೆಗಾವ್ಯಾಟ್. ಈ ಘಟಕಗಳನ್ನು ಮಧ್ಯಾಹ್ನ ಆರಿಸಿ ಸಂಜೆ ಹಚ್ಚಲು ಬರುವುದಿಲ್ಲ. ಪೂರ್ತಿ ತಣ್ಣಗಾದ ಬಾಯ್ಲರ್ ಮತ್ತೆ ಕಾಯಲು ಗಂಟೆಗಟ್ಟಲೆ ಬೇಕು. ಹಾಗಾಗಿ ಸಂಜೆಗೆ ಬೇಕಾದ ಘಟಕ ಮಧ್ಯಾಹ್ನವೂ ಅರ್ಧಕ್ಕಿಂತ ತುಸು ಜಾಸ್ತಿ ಉರಿಯುತ್ತಲೇ ಇರುತ್ತದೆ. ಅದೇ ಹೊತ್ತಿಗೆ ಪಾವಗಡದ ಸೋಲಾರ್ ಪಾರ್ಕ್‌ನಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ. ಬೇಡಿಕೆ ಸಾಲದಿದ್ದರೆ, ಸೋಲಾರ್ ಘಟಕಕ್ಕೇ ಉತ್ಪಾದನೆ ತಗ್ಗಿಸಿ ಅನ್ನಬೇಕಾಗುತ್ತದೆ. ಬಿಟ್ಟಿ ಬಿಸಿಲನ್ನು ಬಿಟ್ಟು ಕಲ್ಲಿದ್ದಲು ಸುಡುವುದನ್ನು ನೋಡಿದರೆ ಸಂಕಟವಾಗುತ್ತದೆ.

ಈಗ ಪಂಪ್‌ಸೆಟ್ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಉತ್ತರದ ಮುಖ್ಯ ಭಾಗ ಇಲ್ಲೇ ಇದೆ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ. ಬಳಕೆಯಾಗುವ ಕರೆಂಟಿನಲ್ಲಿ ಸುಮಾರು ಮೂರನೇ ಒಂದು ಪಾಲು ಇವುಗಳದ್ದೇ. ಎಲ್ಲರಿಗೂ ಒಟ್ಟಿಗೆ ಮೋಟಾರ್ ಓಡಿಸುವ ತ್ರೀಫೇಸ್ ಕರೆಂಟ್ ಕೊಡಲಾಗದೆ ಪಾಳಿ ಮಾಡಿರುತ್ತೇವೆ, ಕೆಲವರಿಗೆ ಹಗಲು, ಕೆಲವರಿಗೆ ರಾತ್ರಿ.

ರಾತ್ರಿ ಪಾಳಿಯ ಫೀಡರ್‌ಗೆ, ಅಂದರೆ ಸಬ್‌ಸ್ಟೇಷನ್‌ನಿಂದ ಹೊರಡುವ ಲೈನಿಗೆ, ಕರೆಂಟ್ ಬಿಡುವ ಕ್ಷಣ ನೀವು ನೋಡಬೇಕು. ಆಪರೇಟರ್ ಬ್ರೇಕರ್ ಅನ್ನುವ ದೊಡ್ಡ ಸ್ವಿಚ್ ಹಾಕುತ್ತಾರೆ. ಕತ್ತಲಲ್ಲಿ ಎದ್ದು ತೋಟಕ್ಕೆ ಹೋಗುವುದು ತಪ್ಪಲಿ ಅಂತ ಸುಮಾರು ರೈತರು ಆಟೋ ಸ್ಟಾರ್ಟರ್ ಇಟ್ಟಿರುತ್ತಾರೆ. ಕರೆಂಟ್ ಬಂದದ್ದೇ ತಡ, ಮೋಟಾರ್‌ಗಳೆಲ್ಲ ಒಟ್ಟಿಗೆ ಶುರು. ಮೀಟರಿನ ಮುಳ್ಳು ಒಮ್ಮೆಲೇ ಜಿಗಿಯುತ್ತದೆ. ವೋಲ್ಟೇಜ್ ಬೀಳುತ್ತದೆ. ಲೈನಿನ ತುದಿಯಲ್ಲಿರುವವರ ಮೋಟಾರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಒಂದೊಂದು ಸಲ ಟಿಸಿಯೇ (ಟ್ರಾನ್ಸ್‌ಫಾರ್ಮರ್) ಸುಟ್ಟುಹೋಗುತ್ತದೆ. ಸ್ಟಾರ್ಟರ್ ಇಲ್ಲದವರು ಟಾರ್ಚ್ ಹಿಡಿದು, ಹಾವಿಗೆ ಹೆದರುತ್ತಾ ಬದುವಿನ ಮೇಲೆ ನಡೆಯುತ್ತಾರೆ. ಇಷ್ಟೆಲ್ಲ ಪಾಡುಪಟ್ಟು ಎತ್ತುವ ನೀರಿಗೆ ಕರೆಂಟ್ ಬಹುಪಾಲು ಕಲ್ಲಿದ್ದಲಿನದ್ದು.

ಒಂದು ಸಣ್ಣ ಲೆಕ್ಕ ಮಾಡೋಣ. 5 ಎಚ್‌ಪಿ ಮೋಟಾರ್ ಅಂದರೆ ಸುಮಾರು 3.7 ಕಿಲೋವ್ಯಾಟ್. ಇಂಥ ಐದೂವರೆ ಲಕ್ಷ ಮೋಟಾರ್‌ಗಳು ಒಟ್ಟಿಗೆ ಓಡಿದರೆ 2000 ಮೆಗಾವ್ಯಾಟ್ ದಾಟುತ್ತದೆ. ಪಾವಗಡದ ಇಡೀ ಸೋಲಾರ್ ಪಾರ್ಕ್ 2050 ಮೆಗಾವ್ಯಾಟ್. ರಾತ್ರಿ ಪಾಳಿಯಿಂದ ಅಷ್ಟು ಮೋಟಾರ್‌ಗಳು ಹಗಲಿಗೆ ಬಂದರೆ, ಒಂದು ಬ್ಯಾಟರಿಯನ್ನೂ ಕೊಳ್ಳದೆ ಅಷ್ಟು ಬೇಡಿಕೆಯನ್ನು ಬಿಸಿಲಿನ ಹೊತ್ತಿಗೆ ತಂದಂತಾಯಿತು. ಗಿಡಕ್ಕೆ ನೀರು ಹಗಲು ಹನ್ನೊಂದಕ್ಕೆ ಬಿದ್ದರೇನು, ರಾತ್ರಿ ಹನ್ನೊಂದಕ್ಕೆ ಬಿದ್ದರೇನು? ಬೇಸಿಗೆಯಲ್ಲಿ ತುಸು ಆವಿಯಾಗುತ್ತದೆ, ನಿಜ. ಡ್ರಿಪ್ ಇದ್ದರೆ ಅದೂ ಕಡಿಮೆ.

ದಾರಿ ಅರ್ಧ ಆಗಲೇ ಸಿದ್ಧವಿದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಫೀಡರ್ ಬೇರೆ, ಪಂಪ್‌ಸೆಟ್ ಫೀಡರ್ ಬೇರೆ ಮಾಡಿದ್ದಾರೆ. ಕೇಂದ್ರದ ಕುಸುಮ್ ಯೋಜನೆಯ ಸಿ ಭಾಗದಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಘಟಕ ಹಾಕಿ, ಆ ಫೀಡರ್‌ಗಳಿಗೆ ಹಗಲಲ್ಲೇ ಕರೆಂಟ್ ಕೊಡಬಹುದು. ದೂರದಿಂದ ಹೊತ್ತು ತರುವ ನಷ್ಟವೂ ಉಳಿಯುತ್ತದೆ.

ಆದರೆ ಇದನ್ನು ಇಂಧನ ಇಲಾಖೆ ಒಂದೇ ಕೂತು ತೀರ್ಮಾನಿಸಿದರೆ ಇನ್ನೊಂದು ಅನಾಹುತ. 10 ಎಚ್‌ಪಿವರೆಗೆ ಕರೆಂಟ್ ಉಚಿತ. ಹಗಲಲ್ಲಿ ಒಳ್ಳೆಯ ವೋಲ್ಟೇಜ್ ಸಿಕ್ಕರೆ ನೀರು ಎತ್ತುವುದು ಇನ್ನೂ ಜಾಸ್ತಿಯಾಗಬಹುದು. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಅಂತರ್ಜಲ ಈಗಲೇ ಪಾತಾಳ ಸೇರಿದೆ. ಹಾಗಾಗಿ ಹೊತ್ತು ಬದಲಾಗಲಿ, ಗಂಟೆಗಳು ಜಾಸ್ತಿಯಾಗುವುದು ಬೇಡ. ಅಂತರ್ಜಲ ನೋಡುವವರು ಆ ಸಭೆಯಲ್ಲಿ ಇರಲೇಬೇಕು.

ಬೆಂಗಳೂರಿನ ಕುಡಿಯುವ ನೀರೂ ಹೀಗೇ. ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್‌ನಷ್ಟು ಎತ್ತರ ಏರಿ ಬರುತ್ತದೆ. ಸಾವಿರ ಲೀಟರ್ ಏರಿಸಲು ಕನಿಷ್ಠ 1.4 ಯೂನಿಟ್ ಬೇಕು. ಪಂಪಿನ ನಷ್ಟ ಸೇರಿಸಿದರೆ ಎರಡು ಯೂನಿಟ್ ಹತ್ತಿರ. ಇಲ್ಲಿ ಮಾತ್ರ ಸುಮ್ನೆ ಹೊತ್ತು ಬದಲಿಸಿ ಅನ್ನುವಂತಿಲ್ಲ. ಪಂಪ್‌ಗಳು ದಿನವಿಡೀ ಓಡುವ ಲೆಕ್ಕದಲ್ಲೇ ಕೊಳವೆಯ ಗಾತ್ರ ಇಟ್ಟಿರುತ್ತಾರೆ. ಕಾವೇರಿ ನೀರಿನ ಯೋಜನೆಯ ಹೊಸ ಹಂತ ಕಟ್ಟುವಾಗಲೇ ದೊಡ್ಡ ಜಲಾಗಾರ ಕಟ್ಟಿಕೊಂಡರೆ ಸಂಜೆ ಕೆಲವು ಗಂಟೆ ಪಂಪ್ ನಿಲ್ಲಿಸಬಹುದು. ಕಟ್ಟಿ ಮುಗಿದ ಮೇಲೆ ಯೋಚಿಸಿದರೆ ಖರ್ಚು ಬಹಳ.

ಬಸ್ಸು, ಕಾರು ಬೇಗ ಹೇಳಿ ಮುಗಿಸುತ್ತೇನೆ. ಡೀಸೆಲ್ ಬಿಟ್ಟು ಕರೆಂಟಿಗೆ ಬರುವುದು ಸರಿ. ಆದರೆ ಎಲ್ಲರೂ ಸಂಜೆ ಏಳಕ್ಕೆ ಪ್ಲಗ್ ಹಾಕಿದರೆ ಹೊಗೆ ರಸ್ತೆಯಿಂದ ರಾಯಚೂರಿಗೆ ಹೋಯಿತು, ಅಷ್ಟೇ. ಕೇಂದ್ರದ 2024ರ ಮಾರ್ಗಸೂಚಿಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆ ಹಗಲಿನ ದರ ಕರೆಂಟ್ ಪೂರೈಕೆಯ ಸರಾಸರಿ ವೆಚ್ಚದ 0.7 ಪಟ್ಟು, ಉಳಿದ ಹೊತ್ತಿನ ದರ 1.3 ಪಟ್ಟು ಅಂತಿದೆ. ಆದರೆ ಹಗಲಲ್ಲಿ ಗಾಡಿ ನಿಲ್ಲುವುದು ಆಫೀಸಿನ ಬಳಿ. ಅಲ್ಲಿ ಪಾಯಿಂಟ್ ಇಲ್ಲದಿದ್ದರೆ ಅಗ್ಗದ ದರ ಇದ್ದೂ ಏನು ಬಂತು?

ಇಷ್ಟಾದರೂ ಸಂಜೆಗೆ ಸಂಗ್ರಹ ಬೇಕೇ ಬೇಕು, ಅದನ್ನು ಅಲ್ಲಗಳೆಯಲ್ಲ. ಅದಕ್ಕಾಗಿಯೇ ಶರಾವತಿಯಲ್ಲಿ ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಪ್ರಸ್ತಾಪ ಬಂದಿದೆ. ಹಗಲಲ್ಲಿ ನೀರು ಮೇಲಕ್ಕೆ, ಸಂಜೆ ಕೆಳಕ್ಕೆ. ಹಾಕಿದ ಕರೆಂಟಿನ ಮುಕ್ಕಾಲು ಪಾಲು ವಾಪಸ್ ಸಿಗುತ್ತದೆ. ಆದರೆ ಜಾಗ ಸಿಂಗಳೀಕಗಳ ಅಭಯಾರಣ್ಯ. ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಪಂಪ್‌ಸೆಟ್‌ಗಳು ಹಗಲಿಗೆ ಬರಲಿ, ಬಸ್ಸು ಹಗಲಲ್ಲಿ ಚಾರ್ಜ್ ಆಗಲಿ, ಸಬ್‌ಸ್ಟೇಷನ್‌ಗಳಲ್ಲಿ ಬ್ಯಾಟರಿ ಕೂರಲಿ. ಆಮೇಲೆ ಸಂಜೆಗೆ ಎಷ್ಟು ಕೊರತೆ ಉಳಿಯುತ್ತದೆ ಅಂತ ಲೆಕ್ಕ ಹಾಕಿ, ಆ ಲೆಕ್ಕವನ್ನು ಜನರ ಮುಂದಿಡಲಿ. ಕಾಡಿನಲ್ಲಿ ಸುರಂಗ ಕೊರೆಯುವ ಮಾತು ಆಮೇಲೆ.