ನಿಮ್ಮ ತಂದೆಯವರು ನಗದೆ ಇದ್ದ ದೃಶ್ಯ

ಮಾನ್ಯರೇ, ವಂದನೆಗಳು.

ನೀವು ಕಳುಹಿಸಿದ ‘ನಗುವಿನ ಆ ದಿನಗಳು’ ಲೇಖನವನ್ನು ಪೂರ್ತಿಯಾಗಿ, ಒಂದಕ್ಕಿಂತ ಹೆಚ್ಚು ಬಾರಿ ಓದಿದ್ದೇನೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಸಾಧ್ಯವಿಲ್ಲ. ಇಂಥ ಸಂದರ್ಭದಲ್ಲಿ ಎರಡು ಸಾಲಿನ ವಿಷಾದಪತ್ರ ಬರೆದು ಸುಮ್ಮನಾಗುವುದು ವಾಡಿಕೆ. ಆದರೆ ನಿಮ್ಮ ಲೇಖನದ ಐದನೆಯ ಪುಟದಲ್ಲಿ ನೀವೇ ಗಮನಿಸದೆ ದಾಟಿಹೋಗಿರುವ ಒಂದು ವಾಕ್ಯವಿದೆ. ಅದರ ಸಲುವಾಗಿಯೇ ಈ ದೀರ್ಘ ಪತ್ರ ಬರೆಯುತ್ತಿದ್ದೇನೆ. ಆ ವಾಕ್ಯಕ್ಕೆ ಬರುವ ಮುನ್ನ ಉಳಿದ ಪುಟಗಳ ಕುರಿತು ಹೇಳಬೇಕಾದುದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ.

ಬಾಲ್ಯದಲ್ಲಿ ತಂದೆಯವರ ಪಕ್ಕದಲ್ಲಿ ಕುಳಿತು ವಿಡಿಯೋ ಕ್ಯಾಸೆಟ್ಟಿನಲ್ಲಿ ಚಾರ್ಲಿ ಚಾಪ್ಲಿನ್‌ನ ‘ದಿ ಗೋಲ್ಡ್ ರಷ್’ ಚಿತ್ರವನ್ನು ಮತ್ತೆ ಮತ್ತೆ ನೋಡಿದ್ದು, ಅವರು ತೀರಿಕೊಂಡ ಮೇಲೆ ಬಹುಕಾಲ ಅದರ ಗೋಜಿಗೇ ಹೋಗದೆ ಇದ್ದದ್ದು, ಈಚೆಗೆ ಒಬ್ಬರೇ ಕುಳಿತು ಮತ್ತೊಮ್ಮೆ ನೋಡಿದ್ದು, ಕೊನೆಯಲ್ಲಿ ಅಂದಿನ ಹಾಸ್ಯಕ್ಕೂ ಇಂದಿನ ಹಾಸ್ಯಕ್ಕೂ ಒಂದು ಹೋಲಿಕೆ: ಇಷ್ಟು ನಿಮ್ಮ ಲೇಖನದ ಹಂದರ. ಹಂದರದಲ್ಲಿ ದೋಷವಿಲ್ಲ. ಆದರೆ ಮೊದಲ ನಾಲ್ಕು ಪುಟಗಳನ್ನು ನೀವು ಚಿತ್ರದ ಕಥೆ ಹೇಳುವುದಕ್ಕೇ ಖರ್ಚು ಮಾಡಿದ್ದೀರಿ. ಹಾಸ್ಯಚಿತ್ರದ ಕಥೆ ಹೇಳಿದ ಮಾತ್ರಕ್ಕೆ ಅದರ ಹಾಸ್ಯವನ್ನು ಹೇಳಿದಂತೆ ಆಗುವುದಿಲ್ಲ. ಚಿನ್ನ ಹುಡುಕಿಕೊಂಡು ಹಿಮದ ನಾಡಿಗೆ ಹೋದ ಬಡಪಾಯಿಯೊಬ್ಬ ಹಸಿವಿನಿಂದ ಬಳಲಿ, ಪ್ರೀತಿಯಲ್ಲಿ ಸೋತು, ಕೊನೆಗೆ ಶ್ರೀಮಂತನಾದ ಎಂಬ ಸಾರಾಂಶದಲ್ಲಿ ನಗುವುದಕ್ಕೆ ಏನಿದೆ? ನಗು ಇರುವುದು ನಟ ಒಂದು ಕೆಲಸವನ್ನು ಯಾವ ಕ್ರಮದಲ್ಲಿ, ಎಷ್ಟು ನಿಧಾನವಾಗಿ, ಎಂಥ ಮುಖಭಾವದಲ್ಲಿ ಮಾಡುತ್ತಾನೆ ಎಂಬುದರಲ್ಲಿ.

ಬೂಟು ತಿನ್ನುವ ದೃಶ್ಯವನ್ನೇ ನೋಡಿ. ‘ಹಸಿವು ತಾಳಲಾರದೆ ಚಾಪ್ಲಿನ್ ತನ್ನ ಬೂಟನ್ನೇ ಬೇಯಿಸಿ ತಿನ್ನುವ ದೃಶ್ಯ ಅದ್ಭುತವಾಗಿದೆ’ ಎಂದು ಬರೆದು ಮುಂದೆ ಸಾಗಿದ್ದೀರಿ. ಅದ್ಭುತ ಎಂದು ತೀರ್ಮಾನಿಸುವ ಕೆಲಸ ಓದುಗನದು. ನಿಮ್ಮದು ತೋರಿಸುವ ಕೆಲಸ. ಬೂಟು ಬೆಂದಿದೆಯೇ ಎಂದು ಅವನು ಪಳಗಿದ ಅಡುಗೆಯವನ ಗಾಂಭೀರ್ಯದಿಂದ ಪರೀಕ್ಷಿಸುತ್ತಾನೆ. ತಟ್ಟೆಗೆ ಹಾಕಿದ ಮೇಲೆ ಅದರ ಮೇಲೆ ಪಾತ್ರೆಯ ನೀರನ್ನು ಹದವಾಗಿ ಸುರಿಯುತ್ತಾನೆ. ಮೇಲಿನ ಚರ್ಮವನ್ನು ಅಟ್ಟೆಯಿಂದ ಬಿಡಿಸುತ್ತಾನೆ. ಲಾಡಿಯನ್ನು ಫೋರ್ಕಿಗೆ ಸುತ್ತಿಕೊಂಡು ತಿನ್ನುತ್ತಾನೆ, ಅಟ್ಟೆಯ ಮೊಳೆಗಳನ್ನು ಎಲುಬು ಚೀಪುವಂತೆ ಒಂದೊಂದಾಗಿ ಚೀಪಿ ತಟ್ಟೆಯ ಅಂಚಿಗೆ ಇಡುತ್ತಾನೆ. ಎದುರಿಗೆ ಕುಳಿತ ದಢೂತಿ ಜೊತೆಗಾರ ಅದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಒದ್ದಾಡುತ್ತಿರುವಾಗ, ಇವನು ಮಾತ್ರ ಔತಣದ ಮರ್ಯಾದೆಗೆ ಎಲ್ಲಿಯೂ ಚ್ಯುತಿ ಬಾರದಂತೆ ಊಟ ಮಾಡುತ್ತಾನೆ. ಚಿತ್ರೀಕರಣಕ್ಕಾಗಿ ಆ ಬೂಟನ್ನು ಲಿಕೊರಿಸ್ ಎಂಬ ಮಿಠಾಯಿಯಿಂದ ಮಾಡಿಸಿದ್ದರು ಎಂಬುದು ಪ್ರಸಿದ್ಧ ಸಂಗತಿ. ಬಳಸಿಕೊಳ್ಳುವುದಾದರೆ ಬಳಸಿಕೊಳ್ಳಿ, ಆದರೆ ಮೊಳೆಗಳ ಬಗ್ಗೆ ಬರೆಯದೆ ಮಿಠಾಯಿಯ ಬಗ್ಗೆ ಬರೆಯಬೇಡಿ.

ಇನ್ನು ನಿಮ್ಮ ನೆನಪಿನ ವಿಷಯ. ಮೂರನೆಯ ಪುಟದಲ್ಲಿ ನೀವು, ‘ಬಾಲ್ಯದಲ್ಲಿ ನೋಡಿದಾಗ ಗಂಡಸಿನ ಧ್ವನಿಯೊಂದು ಕಥೆ ಹೇಳುತ್ತಿತ್ತು ಎಂದು ನೆನಪು, ಈಗ ನೋಡಿದರೆ ಅದು ಮೂಕಿ ಚಿತ್ರ! ನೆನಪು ಎಷ್ಟು ಮೋಸ ಮಾಡುತ್ತದೆ!’ ಎಂದು ಬರೆದಿದ್ದೀರಿ. ನಿಮ್ಮ ನೆನಪು ಮೋಸ ಮಾಡಿಲ್ಲ. ಆ ಚಿತ್ರಕ್ಕೆ ಎರಡು ರೂಪಗಳಿವೆ. 1925ರಲ್ಲಿ ಬಿಡುಗಡೆಯಾದದ್ದು ಮೂಕಿ. 1942ರಲ್ಲಿ ಚಾಪ್ಲಿನ್ ಅದನ್ನು ಮತ್ತೆ ಬಿಡುಗಡೆ ಮಾಡಿದಾಗ ದೃಶ್ಯಗಳ ನಡುವೆ ಪರದೆಯ ಮೇಲೆ ಮೂಡುವ ಬರಹಗಳನ್ನು ತೆಗೆದುಹಾಕಿ, ತನ್ನದೇ ಧ್ವನಿಯಲ್ಲಿ ನಿರೂಪಣೆಯನ್ನೂ ಸಂಗೀತವನ್ನೂ ಸೇರಿಸಿ, ಚಿತ್ರವನ್ನು ಅಲ್ಲಲ್ಲಿ ಕತ್ತರಿಸಿದ. ನೀವು ಚಿಕ್ಕಂದಿನಲ್ಲಿ ಕೇಳಿದ ಧ್ವನಿ ಚಾಪ್ಲಿನ್‌ನದೇ ಆಗಿರಬೇಕು.

ಇದು ಕೇವಲ ಅಡಿಟಿಪ್ಪಣಿಗೆ ಸೇರಬೇಕಾದ ಮಾಹಿತಿಯೆಂದು ಭಾವಿಸಬೇಡಿ, ಏಕೆಂದರೆ ನಿಮ್ಮ ಲೇಖನದ ಮುಖ್ಯ ತೀರ್ಮಾನವೊಂದು ಇದರ ಮೇಲೆ ನಿಂತಿದೆ. ನಾಯಕಿ ಜಾರ್ಜಿಯಾ ಬರೆದ ಕ್ಷಮಾಪಣೆಯ ಚೀಟಿಯನ್ನು ಅವಳ ಪ್ರಿಯಕರ ಜ್ಯಾಕ್ ಕುಚೋದ್ಯಕ್ಕಾಗಿ ನಮ್ಮ ಬಡಪಾಯಿಗೆ ತಲುಪಿಸುತ್ತಾನೆ, ಅದು ತನಗೇ ಬಂದದ್ದೆಂದು ನಂಬಿ ಇವನು ಹಿಗ್ಗುತ್ತಾನೆ. ಈ ಕ್ರೌರ್ಯ ಬಾಲ್ಯದಲ್ಲಿ ತಿಳಿಯಲಿಲ್ಲ, ವಯಸ್ಸಾದ ಮೇಲೆ ಅರ್ಥವಾಯಿತು ಎಂದು ನೀವು ಬರೆದಿದ್ದೀರಿ. ಆದರೆ 1942ರ ರೂಪದಲ್ಲಿ ಜ್ಯಾಕ್‌ನ ಈ ವಂಚನೆಯೇ ಇಲ್ಲ. ಚಾಪ್ಲಿನ್ ಅದನ್ನು ತೆಗೆದುಬಿಟ್ಟಿದ್ದ. ಕೊನೆಯ ಮುತ್ತೂ ಅದರಲ್ಲಿಲ್ಲ. ಹಾಗಿದ್ದರೆ ಬಾಲ್ಯದಲ್ಲಿ ನಿಮಗೆ ತಿಳಿಯದೆ ಹೋದದ್ದು ಏನೂ ಇರಲಿಲ್ಲ. ನೀವೂ ನಿಮ್ಮ ತಂದೆಯವರೂ ನೋಡಿದ ಚಿತ್ರದಲ್ಲಿ ಅವಳ ಪ್ರೀತಿಯ ಬಗ್ಗೆ ಅಷ್ಟು ಅನುಮಾನವೇ ಇರಲಿಲ್ಲ. ಅಂದು ನೋಡಿದ ಚಿತ್ರ ಒಂದು, ಇಂದು ಒಬ್ಬರೇ ಕುಳಿತು ನೋಡಿದ ಚಿತ್ರ ಮತ್ತೊಂದು. ವಯಸ್ಸಿನೊಂದಿಗೆ ತಿಳಿವಳಿಕೆ ಬಂತು ಎಂಬ ಸವೆದ ತೀರ್ಮಾನಕ್ಕಿಂತ ಈ ಸಂಗತಿ ಎಷ್ಟೋ ಪಾಲು ಹೆಚ್ಚು ಕಾಡುವಂಥದು, ಮತ್ತು ಇದು ನಿಮ್ಮ ಬರಹದೊಳಗೇ ಅಡಗಿತ್ತು. ಎರಡೂ ರೂಪಗಳು ಇಂದು ದೊರೆಯುತ್ತವೆ. ಎರಡನ್ನೂ ನೋಡಿ, ಕೈಯಲ್ಲಿ ಕಾಗದ ಪೆನ್ನು ಹಿಡಿದು ನೋಡಿ, ಆಮೇಲೆ ಬರೆಯಿರಿ.

ಈಗ ಐದನೆಯ ಪುಟ. ಎರಡು ಬನ್ನುಗಳಿಗೆ ಫೋರ್ಕುಗಳನ್ನು ಚುಚ್ಚಿ, ಅವನ್ನೇ ಕಾಲುಗಳನ್ನಾಗಿ ಮಾಡಿಕೊಂಡು ಮೇಜಿನ ಮೇಲೆ ಕುಣಿಸುವ ಹೆಸರುವಾಸಿ ದೃಶ್ಯದ ಬಗ್ಗೆ ನೀವು ಬರೆದ ಸಾಲುಗಳಿವು: ‘ಮನೆಗೆ ಬಂದ ಅತಿಥಿಗಳನ್ನು ಚಾಪ್ಲಿನ್ ನಗಿಸುವ ಆ ಸುಂದರ ಸಂಜೆಯನ್ನು ಮರೆಯುವವರುಂಟೆ! ಅಪ್ಪ ಯಾಕೋ ಈ ದೃಶ್ಯ ಬಂದಾಗ ಮಾತ್ರ ನಗುತ್ತಿರಲಿಲ್ಲ. ಇರಲಿ.’

ದಯವಿಟ್ಟು ಆ ದೃಶ್ಯವನ್ನು ಮತ್ತೊಮ್ಮೆ ನೋಡಿ. ಮನೆಗೆ ಅತಿಥಿಗಳು ಬಂದಿರುವುದಿಲ್ಲ. ಹೊಸ ವರ್ಷದ ಹಿಂದಿನ ರಾತ್ರಿ ಅವನು ಮೇಜನ್ನು ಅಲಂಕರಿಸಿ, ಮೇಣದಬತ್ತಿ ಹಚ್ಚಿ, ಬರುತ್ತೇವೆಂದು ಮಾತು ಕೊಟ್ಟಿದ್ದ ಜಾರ್ಜಿಯಾ ಮತ್ತು ಅವಳ ಗೆಳತಿಯರಿಗಾಗಿ ಕಾಯುತ್ತಾ ಕುಳಿತಲ್ಲೇ ನಿದ್ದೆ ಹೋಗುತ್ತಾನೆ. ಬನ್ನುಗಳ ಕುಣಿತ, ಸುತ್ತಲಿನ ನಗು, ಮೆಚ್ಚುಗೆ ಎಲ್ಲವೂ ಆ ನಿದ್ದೆಯೊಳಗಿನ ಕನಸು. ನಡುರಾತ್ರಿ ಹೊಸ ವರ್ಷದ ಕೂಗಾಟಕ್ಕೆ ಎಚ್ಚರವಾದಾಗ ಕುರ್ಚಿಗಳು ಖಾಲಿಯಾಗಿಯೇ ಇವೆ. ಅವರೆಲ್ಲ ಅತ್ತ ನೃತ್ಯಶಾಲೆಯಲ್ಲಿ ಸಂಭ್ರಮಿಸುತ್ತಿದ್ದಾರೆ. ನಿಮ್ಮ ನೆನಪು ಕನಸನ್ನು ಉಳಿಸಿಕೊಂಡು ಖಾಲಿ ಕುರ್ಚಿಗಳನ್ನು ಅಳಿಸಿಹಾಕಿದೆ. ಇದನ್ನು ತಪ್ಪೆಂದು ನಾನು ಎಣಿಸುವುದಿಲ್ಲ. ಮಗುವಿನ ಕಣ್ಣು ಕುಣಿತವನ್ನು ಹಿಡಿದಿಟ್ಟುಕೊಂಡಿತು, ಅಷ್ಟೇ. ಆದರೆ ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ, ಮಗುವಿನ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕುಣಿತದ ಆಚೆಗೆ ಬರಲಿರುವುದನ್ನು ಮೊದಲೇ ಬಲ್ಲವರಾಗಿ ನಗದೆ ಕುಳಿತಿರುತ್ತಿದ್ದರು. ಇದೇ ನಿಮ್ಮ ಲೇಖನ. ‘ಇರಲಿ’ ಎಂಬ ಒಂದು ಪದದಿಂದ ನೀವು ಅದನ್ನು ಬದಿಗೆ ಸರಿಸಿದ್ದೀರಿ, ಮತ್ತು ನಾನು ಈ ಪತ್ರ ಬರೆಯುತ್ತಿರುವುದು ನೀವು ಹಾಗೆ ಸರಿಸಬಾರದು ಎಂದು ಕೇಳಿಕೊಳ್ಳುವುದಕ್ಕೆ.

ಇಲ್ಲಿ ಒಂದು ಎಚ್ಚರಿಕೆ. ಅವರು ಯಾಕೆ ನಗುತ್ತಿರಲಿಲ್ಲ ಎಂಬುದಕ್ಕೆ ಕಾರಣ ಹೊಸೆಯಬೇಡಿ. ಬಡತನ, ಒಂಟಿತನ, ಬಾರದೆ ಹೋದ ಯಾರೋ ಒಬ್ಬರು ಎಂದು ಊಹಿಸಿ ಬರೆದರೆ ಓದುಗ ಮರುಗಬಹುದು, ಆದರೆ ನಿಮ್ಮ ತಂದೆಯವರು ಪುಟದಿಂದ ಎದ್ದುಹೋಗಿ ಅವರ ಜಾಗದಲ್ಲಿ ನೀವು ಕಟ್ಟಿದ ಪಾತ್ರವೊಂದು ಕುಳಿತಿರುತ್ತದೆ. ನಿಮಗೆ ಗೊತ್ತಿರುವುದನ್ನು ಮಾತ್ರ ಬರೆಯಿರಿ: ಅವರು ಎಲ್ಲಿ ಕುಳಿತಿರುತ್ತಿದ್ದರು, ಕೈ ಎಲ್ಲಿರುತ್ತಿತ್ತು, ಆ ದೃಶ್ಯ ಮುಗಿದ ಮೇಲೆ ಏನು ಮಾಡುತ್ತಿದ್ದರು, ಯಾವ ದೃಶ್ಯಕ್ಕೆ ಮತ್ತೆ ನಗಲು ಆರಂಭಿಸುತ್ತಿದ್ದರು. ಮನೆಯಲ್ಲಿ ಅಂದು ಜೊತೆಗಿದ್ದು ಇಂದೂ ಇರುವವರನ್ನು ಕೇಳಿ. ಅವರ ನೆನಪು ನಿಮ್ಮದಕ್ಕೆ ಹೊಂದದಿದ್ದರೆ ಎರಡನ್ನೂ ಬರೆಯಿರಿ. ಯಾರದು ಸರಿ ಎಂದು ತೀರ್ಪು ಕೊಡುವ ಅಗತ್ಯವಿಲ್ಲ.

ಕೆಲವು ತಪ್ಪುಗಳನ್ನು ತಿದ್ದಲೇಬೇಕು. ಗಡಿಯಾರದ ಮುಳ್ಳು ಹಿಡಿದು ಎತ್ತರದ ಕಟ್ಟಡದಿಂದ ನೇತಾಡುವವನು ಚಾಪ್ಲಿನ್ ಅಲ್ಲ, ಹೆರಾಲ್ಡ್ ಲಾಯ್ಡ್; ಚಿತ್ರ 1923ರ ‘ಸೇಫ್ಟಿ ಲಾಸ್ಟ್’. ಅದಕ್ಕೆ ಕೆಲವು ವರ್ಷ ಮೊದಲು, 1919ರಲ್ಲಿ, ನಡೆದ ಸ್ಫೋಟವೊಂದರಲ್ಲಿ ಲಾಯ್ಡ್ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಕಳೆದುಕೊಂಡಿದ್ದ, ಕೈಗವಸಿನಲ್ಲಿ ಅದನ್ನು ಮರೆಮಾಡಿಕೊಂಡು ಆ ಕಟ್ಟಡ ಹತ್ತುವ ದೃಶ್ಯಗಳಲ್ಲಿ ನಟಿಸಿದ್ದ ಎಂಬುದನ್ನು ತಿಳಿದು ನೋಡಿದರೆ ಆ ದೃಶ್ಯ ಬೇರೆಯೇ ಆಗಿ ಕಾಣುತ್ತದೆ. ಮನೆಯ ಇಡೀ ಮುಂಗೋಡೆ ಮೇಲೆ ಉರುಳಿ ಬಿದ್ದರೂ ಕಿಟಕಿಯ ಕಿಂಡಿ ಇರುವಲ್ಲಿ ನಿಂತಿದ್ದರಿಂದ ಬದುಕಿ ಉಳಿಯುವವನು 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಚಿತ್ರದ ಬಸ್ಟರ್ ಕೀಟನ್. ಇವೆರಡನ್ನೂ ನೀವು ಚಾಪ್ಲಿನ್‌ನ ಲೆಕ್ಕಕ್ಕೆ ಸೇರಿಸಿದ್ದೀರಿ. ಹಳೆಯ ಚಿತ್ರಗಳಲ್ಲಿ ಜನರು ದಡಬಡನೆ ಓಡಾಡುವುದೇ ಆ ಕಾಲದ ನಟನಾಶೈಲಿ ಎಂಬ ನಿಮ್ಮ ಮಾತಿಗೂ ಆಧಾರ ಸಾಲದು. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನು ಬಹುಪಾಲು ಕೈಯಿಂದಲೇ ತಿರುಗಿಸುತ್ತಿದ್ದರು, ವೇಗ ಒಂದೇ ಸಮನಾಗಿರುತ್ತಿರಲಿಲ್ಲ; ನಿಧಾನವಾಗಿ ತಿರುಗಿಸಿ ತೆಗೆದ ಚಿತ್ರವನ್ನು ಮಾತಿನ ಚಿತ್ರಗಳ ಕಾಲದಲ್ಲಿ ನೆಲೆಗೊಂಡ ಸೆಕೆಂಡಿಗೆ 24 ಚೌಕಟ್ಟುಗಳ ವೇಗದಲ್ಲಿ ಓಡಿಸಿದಾಗ ಎಲ್ಲರೂ ಅವಸರದಲ್ಲಿರುವಂತೆ ಕಾಣುತ್ತಾರೆ. ಕೆಲವೊಮ್ಮೆ ನಟರು ಈ ವೇಗವನ್ನು ಬೇಕೆಂದೇ ಬಳಸಿಕೊಂಡದ್ದೂ ಉಂಟು. ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಕೊನೆಯ ಎರಡು ಪುಟಗಳನ್ನು ಪೂರ್ತಿಯಾಗಿ ಬಿಟ್ಟುಬಿಡಿ. ಅಂದಿನ ಹಾಸ್ಯ ಶುದ್ಧ, ಇಂದಿನದು ಕೀಳು ಎಂಬ ವಾದ ನಮ್ಮ ಕಚೇರಿಗೆ ಬರುವ ಇಂಥ ಲೇಖನಗಳಲ್ಲೆಲ್ಲ ಇರುತ್ತದೆ, ಮತ್ತು ಅದು ನಿಜವೂ ಅಲ್ಲ. ಆ ಕಾಲದ ಹಾಸ್ಯಚಿತ್ರಗಳಲ್ಲಿ ಕಪ್ಪು ಜನರನ್ನು ಅವಹೇಳನ ಮಾಡುವ ದೃಶ್ಯಗಳಿವೆ. ಕೀಟನ್‌ನ 1925ರ ‘ಸೆವೆನ್ ಚಾನ್ಸಸ್’ ಚಿತ್ರದಲ್ಲಿ ಬಿಳಿಯ ನಟನೊಬ್ಬ ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಮನುಷ್ಯನ ಪಾತ್ರ ಮಾಡಿದ್ದಾನೆ. ಅದೇ ಚಿತ್ರದಲ್ಲಿ ಬೆಟ್ಟದ ಇಳಿಜಾರಿನಲ್ಲಿ ಉರುಳುವ ಬಂಡೆಗಳಿಂದ ಕೀಟನ್ ತಪ್ಪಿಸಿಕೊಂಡು ಓಡುವ, ಎಂದೆಂದಿಗೂ ಮಾಸದಂಥ ದೃಶ್ಯವೂ ಇದೆ. ಪ್ರೀತಿಯ ಚಿತ್ರವನ್ನು ವರ್ಷಗಳ ನಂತರ ನೋಡುವವರು ಈ ಎರಡನ್ನೂ ಎದುರಿಸಬೇಕಾಗುತ್ತದೆ. ಹಿಂದೆ ನಕ್ಕಿದ್ದ ಕಡೆ ಈಗ ನಗಲಾಗದಿದ್ದರೆ ಅದನ್ನೂ ಬರೆಯಿರಿ. ಚಿತ್ರದ ಮೇಲಿನ ನಿಮ್ಮ ಪ್ರೀತಿಗೆ ಅದರಿಂದ ಕುಂದು ಬರುವುದಿಲ್ಲ. ‘ದಿ ಗೋಲ್ಡ್ ರಷ್’ ಚಿತ್ರಕ್ಕೂ ಶುದ್ಧ ವಿನೋದವೆಂಬ ಹಣೆಪಟ್ಟಿ ಒಪ್ಪುವುದಿಲ್ಲ. ಹಿಮದಲ್ಲಿ ಸಿಕ್ಕಿಬಿದ್ದು ಹಸಿವಿನಿಂದ ಸತ್ತವರನ್ನು ತಿಂದು ಬದುಕಿದ ಡಾನರ್ ತಂಡದ ವಲಸಿಗರ ಕಥೆಯನ್ನು ಓದಿದ್ದು ಆ ಚಿತ್ರಕ್ಕೆ ಪ್ರೇರಣೆಗಳಲ್ಲಿ ಒಂದೆಂದು ಚಾಪ್ಲಿನ್ ಹೇಳಿಕೊಂಡಿದ್ದ. ಅವನ ಸ್ವಂತ ಬಾಲ್ಯವೂ ಲಂಡನ್ನಿನ ಕಡುಬಡತನದಲ್ಲಿ ಕಳೆದಿತ್ತು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು’, ‘ಬಿದ್ದು ಬಿದ್ದು ನಕ್ಕೆವು’, ‘ನೆನಪಿನ ಬುತ್ತಿ ಬಿಚ್ಚಿದಾಗ’, ‘ಮರೆಯಲಾಗದ ಆ ಕ್ಷಣಗಳು’ ಇವನ್ನೆಲ್ಲ ಅಳಿಸಿ. ನಿಮಗೆ ಇವುಗಳ ಆಸರೆ ಬೇಕಿಲ್ಲ ಎಂಬುದಕ್ಕೆ ನೀವೇ ಬರೆದ ಈ ವಾಕ್ಯ ಸಾಕ್ಷಿ: ‘ಅಪ್ಪ ನಕ್ಕರೆ ಸದ್ದು ಬರುತ್ತಿರಲಿಲ್ಲ, ಭುಜಗಳು ಮಾತ್ರ ಕುಲುಕುತ್ತಿದ್ದವು, ಅವರ ತೋಳಿಗೆ ಒರಗಿ ಕುಳಿತ ನನಗೆ ನಗು ಎಲ್ಲಿ ಬರುತ್ತದೆ ಎಂಬುದು ಪರದೆಗಿಂತ ಮೊದಲು ಆ ತೋಳಿನಿಂದ ತಿಳಿಯುತ್ತಿತ್ತು.’ ಇದನ್ನು ಓದಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಇಲ್ಲಿ ಅಲಂಕಾರವಿಲ್ಲ, ಉದ್ಗಾರವಿಲ್ಲ. ಒಬ್ಬ ಮನುಷ್ಯ ಇದ್ದಾನೆ, ಅವನ ಪಕ್ಕದಲ್ಲಿ ಒಂದು ಮಗು ಇದೆ, ನಡುವೆ ಒಂದು ಹಾಸ್ಯಚಿತ್ರ ಓಡುತ್ತಿದೆ. ತೋಳು ಅಲುಗದೆ ಇದ್ದಾಗ ಮಗುವಿಗೆ ಹೇಗನ್ನಿಸುತ್ತಿತ್ತು ಎಂಬುದನ್ನು ನೀವು ಬರೆದಿಲ್ಲ. ಬನ್ನುಗಳ ದೃಶ್ಯದಲ್ಲಿ ಆ ತೋಳು ಅಲುಗುತ್ತಿರಲಿಲ್ಲವಲ್ಲ. ಆಗ ನೀವು ನಗುತ್ತಿದ್ದಿರೋ, ಅವರ ಮುಖ ನೋಡುತ್ತಿದ್ದಿರೋ? ನೆನಪಿದ್ದರೆ ಅದು ಲೇಖನದಲ್ಲಿ ಬರಲೇಬೇಕು. ನೆನಪಿಲ್ಲದಿದ್ದರೆ ನೆನಪಿಲ್ಲವೆಂದೇ ಬರೆಯಿರಿ.

ಹೊಸ ಬರಹ ಈಗಿನದರ ಅರ್ಧದಷ್ಟಿದ್ದರೆ ಸಾಕು. ಕಥೆಯ ಸಾರಾಂಶಕ್ಕೆ ಒಂದು ಪ್ಯಾರಾ ಮೀರಬೇಡಿ, ಲಾಯ್ಡ್ ಮತ್ತು ಕೀಟನ್ ನಿಮ್ಮ ತಂದೆಯವರ ಸಂಗಡ ನೋಡಿದ ಚಿತ್ರಗಳಲ್ಲಿ ಇಲ್ಲದಿದ್ದರೆ ಅವರನ್ನು ಕೈಬಿಡಿ, ತೋಳಿನ ವಾಕ್ಯವನ್ನು ಮಾತ್ರ ಒಂದಕ್ಷರವೂ ಬದಲಿಸದೆ ಉಳಿಸಿಕೊಳ್ಳಿ. ಶೀರ್ಷಿಕೆಯನ್ನು ಬರಹ ಮುಗಿದ ಮೇಲೆ ಯೋಚಿಸೋಣ. ಅವಸರವಿಲ್ಲ, ಎರಡು ರೂಪಗಳನ್ನೂ ನೋಡಿ, ಮನೆಯವರನ್ನು ಕೇಳಿ, ಆಮೇಲೆ ಬರೆಯಲು ಕುಳಿತುಕೊಳ್ಳಿ. ಸಿದ್ಧವಾದ ಪ್ರತಿಯನ್ನು ಈ ಪತ್ರದ ಉಲ್ಲೇಖದೊಂದಿಗೆ ನೇರವಾಗಿ ನನಗೇ ಕಳುಹಿಸಿ, ನಾನೇ ಓದುತ್ತೇನೆ.

ವಿಶ್ವಾಸಪೂರ್ವಕವಾಗಿ,
ಸಂಪಾದಕ